ಅನುಭವ ಇಲ್ಲದವರಿಗೆ ಎಡಿಟಿಂಗ್, ಡಿಸೈನ್, ಕೋಡಿಂಗ್ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನಲ್ಲಿ ಆರು ಜನರ ಒಂದು ಸಣ್ಣ ಸ್ಟುಡಿಯೋ ನಡೆಸುತ್ತೇನೆ. ವಿಡಿಯೋ ಎಡಿಟಿಂಗ್, ಪೋಸ್ಟರ್, ಲೋಗೋ, ಸ್ವಲ್ಪ ವೆಬ್‌ಸೈಟ್ ಕೆಲಸ. ಊರು ತಿಪಟೂರು ಕಡೆ. ಮದುವೆ ವಿಡಿಯೋ ಮಿಕ್ಸಿಂಗ್ ಮಾಡಿಕೊಂಡು ಈ ಲೈನಿಗೆ ಬಂದವನು. ಊರಿಗೆ ಹೋದಾಗಲೆಲ್ಲ ಯಾರದೋ ಮಗ, ಯಾರದೋ ತಂಗಿ ನನ್ನ ನಂಬರ್ ಇಸ್ಕೊಂಡು ಹೋಗುತ್ತಾರೆ. ಆಮೇಲೆ ಅವೇ ಪ್ರಶ್ನೆಗಳು. ಒಬ್ಬೊಬ್ಬರಿಗೂ ವಾಯ್ಸ್ ಮೆಸೇಜ್ ಕಳಿಸಿ ಸಾಕಾಯಿತು. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ದೊಡ್ಡ ಕಂಪನಿಗಳ ಕ್ಯಾಂಪಸ್ ಇಂಟರ್‌ವ್ಯೂ ಬೇರೆ ದಾರಿ. ಇದು ಆ ಬಸ್ಸು ತಪ್ಪಿಸಿಕೊಂಡವರಿಗೆ.

ಎಲ್ಲಿ ಹೋದರೂ ಅನುಭವ ಕೇಳ್ತಾರೆ. ಯಾರೂ ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು?

ಈ ಸಿಟ್ಟು ನನಗೂ ಇತ್ತು. ಕೆಲಸ ಕೊಡುವ ಕುರ್ಚಿಯಲ್ಲಿ ಕೂತ ಮೇಲೆ ಸ್ವಲ್ಪ ಇಳಿಯಿತು. ‘ಅನುಭವ ಇದೆಯಾ’ ಅಂತ ಕೇಳುವವನಿಗೆ ವರ್ಷದ ಲೆಕ್ಕ ಅಷ್ಟೇನೂ ಮುಖ್ಯ ಅಲ್ಲ. ಅವನ ಭಯಗಳೇ ಬೇರೆ. ಶುರು ಮಾಡಿದ್ದನ್ನು ಮುಗಿಸುತ್ತಾನಾ? ತಿದ್ದು ಅಂದರೆ ಮುಖ ಊದಿಸಿಕೊಳ್ಳುತ್ತಾನಾ? ಶುಕ್ರವಾರ ಕೊಡಬೇಕಾದ ಫೈಲು ಶುಕ್ರವಾರ ಬರುತ್ತದಾ, ಇಲ್ಲ ಅವತ್ತೇ ಫೋನ್ ಸ್ವಿಚ್ ಆಫ್ ಆಗುತ್ತದಾ?

ಈ ಭಯ ಹೋಗಿಸಲು ಸಂಬಳದ ಕೆಲಸವೇ ಆಗಬೇಕಿಲ್ಲ. ನೀವು ಮಾಡಿದ ಒಂದು ವಸ್ತುವನ್ನು ಬೇರೆ ಯಾರಾದರೂ ನಿಜವಾಗಿ ಬಳಸಿರಬೇಕು. ಬಳಸಿದವರು ಒಂದಷ್ಟು ತಪ್ಪು ಹೇಳಿರಬೇಕು. ನೀವು ಅದನ್ನು ಸರಿಮಾಡಿರಬೇಕು. ನನ್ನ ಲೆಕ್ಕದಲ್ಲಿ ಅಷ್ಟಾದರೆ ಅನುಭವ.

ನಮ್ಮಲ್ಲಿ ಈಗ ವೆಬ್ ಕೆಲಸ ನೋಡಿಕೊಳ್ಳುವ ಹುಡುಗಿ ಬಂದಾಗ ಅವಳ ರೆಸ್ಯೂಮಿನಲ್ಲಿ ಅನುಭವದ ಜಾಗ ಖಾಲಿ ಇತ್ತು. ಆದರೆ ಅವಳು ತನ್ನ ಊರಿನ ಗ್ರಂಥಾಲಯಕ್ಕೆ ಪುಸ್ತಕ ಹುಡುಕುವ ಒಂದು ಪುಟ ಮಾಡಿಕೊಟ್ಟಿದ್ದಳು. ನೋಡೋಕೆ ಏನೂ ಚೆನ್ನಾಗಿರಲಿಲ್ಲ, ಬಣ್ಣ ಕಣ್ಣಿಗೆ ಹೊಡೆಯುತ್ತಿತ್ತು. ಅಲ್ಲಿನ ಪಟ್ಟಿಯಲ್ಲಿ ಒಂದೇ ಲೇಖಕರ ಹೆಸರು ಒಂದು ಕಡೆ ಚುಕ್ಕಿ ಇಟ್ಟು, ಒಂದು ಕಡೆ ಇಡದೆ, ಇನ್ನೊಂದು ಕಡೆ ಡಾ. ಸೇರಿಸಿ ಬರೆದಿದ್ದರಂತೆ. ಹುಡುಕಿದರೆ ಅರ್ಧ ಪುಸ್ತಕ ಸಿಗುತ್ತಿರಲಿಲ್ಲವಂತೆ. ಅದನ್ನು ಹೇಗೆ ಸರಿಮಾಡಿದೆ ಅಂತ ಹತ್ತು ನಿಮಿಷ ಹೇಳಿದಳು. ನಾನು ಮುಂದಿನ ಪ್ರಶ್ನೆಯನ್ನೇ ಕೇಳಲಿಲ್ಲ.

ಜಾಹೀರಾತಿನಲ್ಲಿ ‘2 ವರ್ಷ ಅನುಭವ’ ಅಂತಿದೆ. ಅರ್ಜಿ ಹಾಕಬಹುದಾ?

ಹಾಕಿ. ಅಷ್ಟು ಅನುಭವ ಇರುವವರು ಆ ಸಂಬಳಕ್ಕೆ ಬರದೇ ಇದ್ದಾಗ ಎಷ್ಟೋ ಸಲ ಹೊಸಬರನ್ನೇ ತೆಗೆದುಕೊಳ್ಳುತ್ತಾರೆ. 5 ವರ್ಷ ಅಂತ ಇದ್ದರೆ ಬಿಟ್ಟುಬಿಡಿ.

ಪೋರ್ಟ್‌ಫೋಲಿಯೋದಲ್ಲಿ ಏನಿಡಬೇಕು? ಎಷ್ಟು ಇಡಬೇಕು?

ಪೋರ್ಟ್‌ಫೋಲಿಯೋ ಅಂದರೆ ನೀವು ಮಾಡಿದ ಕೆಲಸ ತೋರಿಸುವ ಸಂಗ್ರಹ. ಅದರಲ್ಲಿ ಮೂರು ಕೆಲಸ ಸಾಕು. ನಾಲ್ಕನೆಯದು ಸುಮಾರಾಗಿದ್ದರೆ ಮೊದಲ ಮೂರರ ಮರ್ಯಾದೆಯನ್ನೂ ಅದು ಕಳೆಯುತ್ತದೆ.

ಎಡಿಟರ್ ಆಗುವವರು ಒಂದು ನಿಮಿಷದ ಶೋರೀಲ್ (ಒಳ್ಳೊಳ್ಳೆ ತುಣುಕು ಜೋಡಿಸಿದ ವಿಡಿಯೋ) ಜೊತೆಗೆ ಒಂದು ಪೂರ್ತಿ ಮಾತುಕತೆಯ ವಿಡಿಯೋ ಇಡಿ. ಶೋರೀಲ್‌ನಲ್ಲಿ ಸಂಗೀತ ಹಾಕಿ, ಬೀಟ್‌ಗೆ ಕಟ್ ಮಾಡಿ, ಯಾರು ಬೇಕಾದರೂ ಮಿಂಚಬಹುದು. ಇಬ್ಬರು ಕೂತು ಹದಿನೈದು ನಿಮಿಷ ಮಾತಾಡಿದ್ದನ್ನು ನಾಲ್ಕು ನಿಮಿಷಕ್ಕೆ ಇಳಿಸಿ, ಅರ್ಥ ಕೆಡದ ಹಾಗೆ, ಉಸಿರು ತುಂಡಾಗದ ಹಾಗೆ ಕೊಡುವುದು ಕಷ್ಟ. ನಾವು ನೋಡುವುದು ಅದನ್ನೇ. ಆಮೇಲೆ ಶಬ್ದ. ಹೊಸಬರ ವಿಡಿಯೋದಲ್ಲಿ ಚಿತ್ರ ಪರವಾಗಿಲ್ಲ ಅನಿಸುತ್ತದೆ, ಶಬ್ದ ಕೇಳಿದರೆ ಗೊತ್ತಾಗಿಬಿಡುತ್ತದೆ. ಹಿಂದಿನ ಸಂಗೀತ ಮಾತನ್ನು ನುಂಗಿರುತ್ತದೆ.

ಡಿಸೈನ್‌ನವರು ಕಾಫಿ ಅಂಗಡಿಗೆ ಸುಳ್ಳು ಲೋಗೋ, ದೊಡ್ಡ ಬ್ರ್ಯಾಂಡಿಗೆ ‘ಮರುವಿನ್ಯಾಸ’ ಇಡುತ್ತಾರೆ. ತಪ್ಪೇನಿಲ್ಲ, ಆದರೆ ಎಲ್ಲರ ಹತ್ತಿರವೂ ಅದೇ ಇರುತ್ತದೆ. ನಿಮ್ಮ ಬೀದಿಯ ಬೇಕರಿಯ ದರಪಟ್ಟಿಯನ್ನು ದೂರದಿಂದ ಓದುವ ಹಾಗೆ ಮಾಡಿ, ಅದು ಗೋಡೆ ಮೇಲೆ ಇರುವ ಫೋಟೋ ಇಡಿ. ಪ್ರಿಂಟ್ ಆಗಿ ಗೋಡೆಗೆ ಬಂತು ಅಂದರೆ ನೀವು ಬ್ಲೀಡ್ (ಕತ್ತರಿಸಲು ಬಿಡುವ ಹೆಚ್ಚುವರಿ ಅಂಚು), ಸಿಎಂವೈಕೆ (ಪ್ರಿಂಟಿನ ನಾಲ್ಕು ಬಣ್ಣದ ಲೆಕ್ಕ), ಫ್ಲೆಕ್ಸ್ ಅಂಗಡಿಯವನ ಜಗಳ ಎಲ್ಲ ನೋಡಿದ್ದೀರಿ ಅಂತ ಅರ್ಥ.

ಕೋಡಿಂಗ್‌ನವರು ಕೋರ್ಸಿನಲ್ಲಿ ಕೊಟ್ಟ ಟು-ಡು ಲಿಸ್ಟ್, ಕ್ಯಾಲ್ಕುಲೇಟರ್ ತೆಗೆದುಬಿಡಿ. ಕೋಡ್ ಇಡುವ ಗಿಟ್‌ಹಬ್ ವೆಬ್‌ಸೈಟಿನಲ್ಲಿ ಒಂದೇ ಪ್ರಾಜೆಕ್ಟ್ ಇರಲಿ, ಆದರೆ ಅದು ಒಂದು ಲಿಂಕ್‌ನಲ್ಲಿ ಓಡುತ್ತಿರಲಿ. ಇದು ಏನು, ಯಾರಿಗೆ, ಹೇಗೆ ಓಡಿಸಬೇಕು ಅಂತ ರೀಡ್‌ಮಿ ಫೈಲಿನಲ್ಲಿ ಹತ್ತು ಸಾಲು ಬರೆದಿರಲಿ. ಒಂದೇ ದಿನ ಇಡೀ ಕೋಡ್ ಸುರಿದಿದ್ದರೆ ಎಲ್ಲಿಂದಲೋ ತಂದಿದ್ದು ಅನಿಸುತ್ತದೆ. ಎರಡು ತಿಂಗಳು ಸ್ವಲ್ಪ ಸ್ವಲ್ಪ ಬದಲಾಗಿದ್ದರೆ ನಂಬಿಕೆ ಬರುತ್ತದೆ.

ಪ್ರತಿ ಕೆಲಸದ ಕೆಳಗೆ ನೀವು ಮಾಡಿದ್ದು ಯಾವ ಭಾಗ ಅಂತ ಬರೆಯಿರಿ. ನಾಲ್ಕು ಜನ ಸೇರಿ ಮಾಡಿದ ಕಿರುಚಿತ್ರವನ್ನು ನಾಲ್ವರೂ ತಮ್ಮದೇ ಅಂತ ಕಳಿಸಿದ್ದು ನನಗೆ ಬಂದಿದೆ, ಒಂದೇ ವಾರದಲ್ಲಿ.

ಸಾಫ್ಟ್‌ವೇರ್‌ಗೆ ದುಡ್ಡಿಲ್ಲ.

ಕ್ರ್ಯಾಕ್, ಅಂದರೆ ಕದ್ದ ಸಾಫ್ಟ್‌ವೇರ್ ಹಾಕಬೇಡಿ. ವೈರಸ್ ಬಂದು ಹಾರ್ಡ್‌ಡಿಸ್ಕ್ ಹೋದರೆ ಗಿರಾಕಿಯ ಮದುವೆಯೂ ಅದರ ಜೊತೆ ಹೋಗುತ್ತದೆ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಎಡಿಟಿಂಗ್, ಕಲರ್, ಸೌಂಡ್ ಮೂರೂ ಇವೆ. ಹಳೆ ಲ್ಯಾಪ್‌ಟಾಪಿಗೆ ಅದು ಭಾರವಾದರೆ ಕೆಡೆನ್‌ಲೈವ್. 3ಡಿಗೆ ಬ್ಲೆಂಡರ್, ಲೋಗೋಗೆ ಇಂಕ್‌ಸ್ಕೇಪ್, ಶಬ್ದಕ್ಕೆ ಆಡಾಸಿಟಿ. ಎಲ್ಲವೂ ಉಚಿತ.

ನಮ್ಮೂರಲ್ಲಿ ಒಂದು ಕಂಪನಿಯೂ ಇಲ್ಲ. ಎಲ್ಲಿ ಶುರು ಮಾಡಲಿ?

ಊರಲ್ಲಿ ಫೋಟೋ ಸ್ಟುಡಿಯೋ ಇದೆಯಲ್ವಾ? ಡಿಟಿಪಿ ಅಂಗಡಿ, ಪ್ರಿಂಟಿಂಗ್ ಪ್ರೆಸ್, ಫ್ಲೆಕ್ಸ್ ಅಂಗಡಿ, ಲೋಕಲ್ ಕೇಬಲ್ ಚಾನೆಲ್? ಇವನ್ನು ಯಾರೂ ‘ಕ್ರಿಯೇಟಿವ್ ಫೀಲ್ಡ್’ ಅಂತ ಕರೆಯುವುದಿಲ್ಲ. ಆದರೆ ದಿನಕ್ಕೆ ಹತ್ತು ಗಿರಾಕಿ ಬರುವ ಜಾಗ ಅದು. ಕಾಲೇಜಿನ ಲ್ಯಾಬಿನಲ್ಲಿ ಗಿರಾಕಿ ಬರುವುದಿಲ್ಲ.

ನಾನು ಕಲಿತಿದ್ದು ಮದುವೆ ಮಿಕ್ಸಿಂಗ್‌ನಲ್ಲಿ. ಎಂಟು ಗಂಟೆ ಫುಟೇಜ್, ಎರಡು ಕ್ಯಾಮೆರಾ, ಒಂದರ ಟೈಮ್ ಇನ್ನೊಂದಕ್ಕೆ ಹೊಂದುವುದಿಲ್ಲ. ಧಾರೆ ಸಮಯದಲ್ಲಿ ಒಂದು ಕ್ಯಾಮೆರಾದ ಬ್ಯಾಟರಿ ಮುಗಿದಿದೆ. ಇನ್ನೊಂದರ ಮುಂದೆ ಯಾರೋ ದೊಡ್ಡಪ್ಪ ನಿಂತಿದ್ದಾರೆ. ಏನು ಮಾಡುತ್ತೀರಿ? ಅಜ್ಜಿಯ ಮುಖ, ವಾಲಗದವರ ಕೈ, ಅಕ್ಷತೆ ಹಿಡಿದ ಮಕ್ಕಳು, ಹೀಗೆ ಬೇರೆ ಕಡೆಯ ಚೂರು ತಂದು ಆ ಎರಡು ನಿಮಿಷ ಮುಚ್ಚಬೇಕು. ಗಿರಾಕಿಗೆ ಗೊತ್ತಾಗಬಾರದು. ಕಟ್ ಅವೇ ಅಂದರೆ ಏನು ಅಂತ ಪುಸ್ತಕದಲ್ಲಿ ಓದುವ ಮೊದಲೇ ನನ್ನ ಕೈಗೆ ಅದು ಬಂದಿತ್ತು.

ಆ ಸ್ಟುಡಿಯೋ ಮಾಲೀಕ ಕೊನೆಯ ಮೂರು ತಿಂಗಳ ದುಡ್ಡು ಕೊಡಲಿಲ್ಲ, ಅದು ಬೇರೆ ಮಾತು. ನೀವು ಹೋಗುವ ಮುಂಚೆಯೇ ಎಷ್ಟು ಕೊಡುತ್ತೀರಿ, ಯಾವ ತಾರೀಖು ಕೊಡುತ್ತೀರಿ ಅಂತ ಕೇಳಿ. ಆರು ತಿಂಗಳು ಇರಿ, ವರ್ಷ ಬೇಡ. ಆರು ತಿಂಗಳಾದ ಮೇಲೆ ಅದೇ ಮದುವೆ ಮತ್ತೆ ಮತ್ತೆ ಬರುತ್ತದೆ.

ನಾನು ಕನ್ನಡ ಮೀಡಿಯಂ. ಇಂಗ್ಲಿಷ್ ಬರದಿದ್ದರೆ ಬೆಂಗಳೂರಲ್ಲಿ ಆಗತ್ತಾ?

ಓದಿ ಅರ್ಥ ಮಾಡಿಕೊಳ್ಳುವಷ್ಟು ಇಂಗ್ಲಿಷ್ ಬೇಕೇ ಬೇಕು. ಎರರ್ ಮೆಸೇಜ್, ಟ್ಯುಟೋರಿಯಲ್, ಇಮೇಲ್ ಎಲ್ಲ ಅದರಲ್ಲೇ ಬರುತ್ತವೆ. ಮಾತಾಡುವುದು ನಿಧಾನಕ್ಕೆ ಬರುತ್ತದೆ. ಅದಕ್ಕೆ ನಾಚಿಕೊಂಡು ಕೂರಬೇಡಿ.

ಆದರೆ ಇಲ್ಲಿ ಒಂದು ವಿಷಯ ಯಾರೂ ಹೇಳುವುದಿಲ್ಲ. ಕನ್ನಡವನ್ನು ಕಂಪ್ಯೂಟರಿನಲ್ಲಿ ಸರಿಯಾಗಿ ಕೂರಿಸುವವರು ಬೆಂಗಳೂರಿನಲ್ಲಿ ಕಡಿಮೆ. ನನಗೆ ಬಂದ ಮೊದಲ ದೊಡ್ಡ ಗಿರಾಕಿ ಈ ಕಾರಣಕ್ಕೇ ಬಂದದ್ದು. ಅವರ ಜಾಹೀರಾತಿನಲ್ಲಿ ‘ಕನ್ನಡ’ ಅನ್ನುವುದೇ ‘ಕನ್‌ನಡ’ ಅಂತ ಪ್ರಿಂಟ್ ಆಗಿತ್ತು. ಮಾಡಿದವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಒತ್ತಕ್ಷರ ಒಡೆದದ್ದು ಅವನಿಗೆ ಕಾಣಲೇ ಇಲ್ಲ. ಕಾರಣ ಚಿಕ್ಕದು. ಹಳೆಯ ಫೋಟೋಶಾಪ್‌ನಲ್ಲಿ ಟೈಪ್ ಸೆಟ್ಟಿಂಗ್ ಅನ್ನು ವರ್ಲ್ಡ್-ರೆಡಿ ಲೇಔಟ್‌ಗೆ ಬದಲಿಸಬೇಕು. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್. ಪ್ರೀಮಿಯರ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ. ಇಷ್ಟು ಗೊತ್ತಿಲ್ಲದೆ ಲಕ್ಷಾಂತರ ರೂಪಾಯಿಯ ಫ್ಲೆಕ್ಸ್‌ಗಳು ಒಡೆದ ಅಕ್ಷರ ಹೊತ್ತುಕೊಂಡು ನಿಂತಿವೆ. ಮೆಜೆಸ್ಟಿಕ್‌ನಲ್ಲಿ ಸುಮ್ನೆ ತಲೆಯೆತ್ತಿ ನೋಡಿ.

ಇನ್ನೊಂದು, ಹಳೆಯ ‘ನುಡಿ’ ಟೈಪಿಂಗ್ ಸಾಫ್ಟ್‌ವೇರ್ ಮತ್ತು ಯೂನಿಕೋಡ್ (ಎಲ್ಲ ಮೊಬೈಲ್, ಕಂಪ್ಯೂಟರಿನಲ್ಲೂ ಓದಿಸುವ ಅಕ್ಷರ ಸಂಕೇತ) ನಡುವಿನ ತೊಡಕು. ಪ್ರೆಸ್‌ಗಳಲ್ಲಿ, ಪತ್ರಿಕೆಗಳಲ್ಲಿ ಎಷ್ಟೋ ವರ್ಷಗಳ ಹಳೆಯ ಫೈಲುಗಳು ನುಡಿ, ಬರಹದ ಹಳೆ ಫಾಂಟುಗಳಲ್ಲಿವೆ. ಅದನ್ನು ಕಾಪಿ ಮಾಡಿ ಮೊಬೈಲಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಕನ್ವರ್ಟರ್‌ಗಳಿವೆ. ಆದರೆ ಅರ್ಕಾವತ್ತು ಎಲ್ಲಿ ಹೋಯಿತು, ಅಂಕಿಗಳು ಯಾಕೆ ಬದಲಾದವು ಅಂತ ಕೂತು ನೋಡಲು ಕನ್ನಡ ಓದುವ ಮನುಷ್ಯ ಬೇಕು. ಇದು ಕಲಿಯಲು ಎರಡು ವಾರ. ಇಂಗ್ಲಿಷ್ ಮೀಡಿಯಂನವರು ಇಲ್ಲಿ ನಿಮ್ಮ ಹತ್ತಿರ ಬಂದು ಕೇಳುತ್ತಾರೆ.

ಸಬ್‌ಟೈಟಲ್, ಆ್ಯಪ್‌ಗಳ ಕನ್ನಡ ಅನುವಾದ, ಡಬ್ಬಿಂಗ್ ಸ್ಕ್ರಿಪ್ಟ್ ಕೂಡ ಇದೇ ಸಾಲಿನವು. ಮೊಜಿಲ್ಲಾದವರ ಪಾಂಟೂನ್ ಅನ್ನುವ ಜಾಗದಲ್ಲಿ ಫೈರ್‌ಫಾಕ್ಸ್ ಅನ್ನು ಯಾರು ಬೇಕಾದರೂ ಕನ್ನಡಕ್ಕೆ ತರಬಹುದು. ದುಡ್ಡಿಲ್ಲ, ಆದರೆ ಜಗತ್ತು ಬಳಸುವ ಬ್ರೌಸರ್‌ನಲ್ಲಿ ನಿಮ್ಮ ಮಾತು ಕೂರುತ್ತದೆ. ರೆಸ್ಯೂಮಿನಲ್ಲಿ ಒಂದು ಗಟ್ಟಿ ಸಾಲು.

ಓಪನ್ ಸೋರ್ಸ್‌ನಲ್ಲಿ ಕೆಲಸ ಮಾಡಿದರೆ ನಿಜವಾಗಲೂ ಕೆಲಸ ಸಿಗತ್ತಾ?

ಓಪನ್ ಸೋರ್ಸ್ ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್. ಕೆಲಸ ಸಿಗುತ್ತದೆ ಅಂತ ಗ್ಯಾರಂಟಿ ಇಲ್ಲ. ನಿಮ್ಮ ಕೋಡನ್ನು ಗೊತ್ತಿಲ್ಲದವರೊಬ್ಬರು ಓದಿ, ಇದು ಸರಿಯಿಲ್ಲ ಅಂತ ಹೇಳುವುದಂತೂ ಗ್ಯಾರಂಟಿ. ಅದೇ ಬೇಕಾಗಿರುವುದು. ಸಾಫ್ಟ್‌ವೇರ್ ಹೇಗೆ ಬಳಸಬೇಕು ಅಂತ ವಿವರಿಸುವ ದಾಖಲೆಯಲ್ಲಿನ ತಪ್ಪು ತಿದ್ದುವುದರಿಂದ ಶುರು ಮಾಡಿ. ಹೊಸಬರನ್ನು ಓಪನ್ ಸೋರ್ಸ್‌ಗೆ ತರುವ ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ನಡೆಯುತ್ತಿದೆ. 2022ರಿಂದ ವಿದ್ಯಾರ್ಥಿಗಳಲ್ಲದ ಹೊಸಬರೂ ಸೇರಬಹುದು, ಸ್ಟೈಪೆಂಡ್ ಇದೆ. ಔಟ್‌ರೀಚಿ ಅಂತ ಇನ್ನೊಂದಿದೆ, ವರ್ಷಕ್ಕೆ ಎರಡು ಸಲ. ಅದರಲ್ಲಿ ಕೋಡ್ ಬರೆಯುವವರ ಜೊತೆ ಡಿಸೈನ್, ದಾಖಲೆ ಬರೆಯುವ ಕೆಲಸವೂ ಇರುತ್ತದೆ. ಬೆಂಗಳೂರಿನಲ್ಲಿದ್ದರೆ ಓಪನ್ ಸೋರ್ಸ್ ಬೆಂಬಲಿಸುವ ಫಾಸ್ ಯುನೈಟೆಡ್‌ನವರ ಮೀಟಪ್‌ಗೆ ಹೋಗಿ. ಹಿಂದಿನ ಸಾಲಿನಲ್ಲಿ ಕೂರಿ, ಪರವಾಗಿಲ್ಲ. ಚಹಾ ಬ್ರೇಕ್‌ನಲ್ಲಿ ಮಾತ್ರ ಎದ್ದು ಒಬ್ಬರನ್ನಾದರೂ ಮಾತಾಡಿಸಿ.

ಟ್ರೈನಿಂಗ್ ಇನ್‌ಸ್ಟಿಟ್ಯೂಟ್‌ಗೆ 60 ಸಾವಿರ ಕೇಳ್ತಿದ್ದಾರೆ. ‘100% ಪ್ಲೇಸ್‌ಮೆಂಟ್’ ಅಂತಿದ್ದಾರೆ. ಸೇರ್ಲಾ?

ಹೋದ ಬ್ಯಾಚಿನ ಮೂವರ ನಂಬರ್ ಕೇಳಿ. ಕೊಡದಿದ್ದರೆ ಎದ್ದು ಬನ್ನಿ. ಕೊಟ್ಟರೆ ಆ ಮೂವರಿಗೆ ಒಂದೇ ಪ್ರಶ್ನೆ: ಕೆಲಸ ಸಿಕ್ಕಿದ್ದು ಯಾವುದರಲ್ಲಿ? ಆ್ಯನಿಮೇಷನ್ ಕಲಿತವನಿಗೆ ಕಾಲ್ ಸೆಂಟರ್ ಕೆಲಸ ಕೊಡಿಸಿ ಅದನ್ನೂ ಪ್ಲೇಸ್‌ಮೆಂಟ್ ಲೆಕ್ಕಕ್ಕೆ ಸೇರಿಸುವವರಿದ್ದಾರೆ.

ಮೊದಲು ಪುಕ್ಕಟೆ ಸಿಗುವುದನ್ನು ನೋಡಿ. ಐಐಟಿಗಳು ಮತ್ತು ನಮ್ಮ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟೆಲ್‌ನಲ್ಲಿ ಪಾಠ ಉಚಿತ, ಪರೀಕ್ಷೆ ಬರೆದು ಸರ್ಟಿಫಿಕೇಟ್ ತಗೊಳ್ಳುವುದಾದರೆ ಮಾತ್ರ ಸಾವಿರ ರೂಪಾಯಿಯಷ್ಟು ಶುಲ್ಕ. ರಾಜ್ಯ ಸರ್ಕಾರದ ಕೌಶಲ್ಕರ್ ಪೋರ್ಟಲ್‌ನಲ್ಲಿ ಹೆಸರು ಬರೆಸಿ. ಅದರ ಸ್ಕಿಲ್ ಕನೆಕ್ಟ್ ಪುಟದಲ್ಲಿ ಕೆಲಸದ ಪಟ್ಟಿಯೂ ಇರುತ್ತದೆ.

ಕೈಯಲ್ಲಿ ಕಬ್ಬಿಣ ಹಿಡಿಯುವ ಮನಸ್ಸಿದ್ದರೆ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಕಡೆ ನೋಡಿ. 1972ರಲ್ಲಿ ಡೆನ್ಮಾರ್ಕ್ ಸಹಾಯದಿಂದ ಬೆಂಗಳೂರಿನಲ್ಲಿ ಶುರುವಾದದ್ದು, ಈಗ ಹಲವು ಜಿಲ್ಲೆಗಳಲ್ಲಿದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಸೇರುವ ಟೂಲ್ ಅಂಡ್ ಡೈ (ಅಚ್ಚು, ಉಪಕರಣ ತಯಾರಿಕೆ) ಡಿಪ್ಲೊಮಾದಲ್ಲಿ ಮೂರು ವರ್ಷ ಓದು, ನಾಲ್ಕನೇ ವರ್ಷ ಕಾರ್ಖಾನೆಯಲ್ಲೇ ತರಬೇತಿ. ಅಂದರೆ ಓದು ಮುಗಿಯುವಾಗಲೇ ಒಂದು ವರ್ಷದ ಅನುಭವ ಕೈಯಲ್ಲಿರುತ್ತದೆ. ನನ್ನ ಚಿಕ್ಕಪ್ಪನ ಮಗ ಹಾಗೆ ಓದಿ ಪೀಣ್ಯಕ್ಕೆ ಹೋದ. ನಾನು ಮೂರು ಸಾವಿರಕ್ಕೆ ಮಿಕ್ಸಿಂಗ್ ಮಾಡುತ್ತಿದ್ದಾಗ ಅವನು ಬೈಕ್ ತಗೊಂಡಿದ್ದ.

ಅಪ್ರೆಂಟಿಸ್ ಅಂದರೆ ಐಟಿಐನವರಿಗೆ ಮಾತ್ರ ಅಲ್ವಾ?

ಅಲ್ಲ. ಬಹಳ ಜನ ಹಾಗೇ ಅಂದುಕೊಂಡು ಒಳ್ಳೆ ಬಾಗಿಲೊಂದನ್ನು ಬಿಟ್ಟುಬಿಡುತ್ತಾರೆ. ಅಪ್ರೆಂಟಿಸ್ ಕಾಯ್ದೆ 1961ರದ್ದು. 1973ರ ತಿದ್ದುಪಡಿಯಲ್ಲಿ ಪದವೀಧರರನ್ನೂ ಡಿಪ್ಲೊಮಾದವರನ್ನೂ ಅದರೊಳಗೆ ತಂದರು. 30 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಸಂಸ್ಥೆ ಒಂದಷ್ಟು ಅಪ್ರೆಂಟಿಸ್‌ಗಳನ್ನು ತಗೊಳ್ಳಲೇಬೇಕು. ಸಾಫ್ಟ್‌ವೇರ್ ಕಂಪನಿಗೂ ಈ ಮಾತು ಅನ್ವಯ. ಪದವೀಧರರು, ಡಿಪ್ಲೊಮಾದವರು ಕೇಂದ್ರ ಸರ್ಕಾರದ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆ) ಪೋರ್ಟಲ್‌ನಲ್ಲಿ ಹೆಸರು ಬರೆಸಬೇಕು. 2019ರ ನಿಯಮದಲ್ಲಿ ಕನಿಷ್ಠ ಸ್ಟೈಪೆಂಡ್ ಪದವೀಧರರಿಗೆ ತಿಂಗಳಿಗೆ 9,000, ಡಿಪ್ಲೊಮಾಗೆ 8,000 ಅಂತ ಮಾಡಿದರು. ಈಗಿನ ಅಂಕಿಯನ್ನು ಪೋರ್ಟಲ್‌ನಲ್ಲೇ ನೋಡಿಕೊಳ್ಳಿ.

ಬೆಂಗಳೂರಿನ ಪಿಜಿ ಬಾಡಿಗೆಗೇ ಇದು ಮುಗಿದುಹೋಗುತ್ತದೆ, ನಿಜ. ಆದರೆ ವರ್ಷದ ಕೊನೆಗೆ ಕೇಂದ್ರ ಸರ್ಕಾರದ ಪ್ರಮಾಣಪತ್ರ ಬರುತ್ತದೆ. ಯಾರೂ ಅದನ್ನು ಸುಳ್ಳು ಅನ್ನಲಾರರು. ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಸಿಕ್ಕರೆ ಖರ್ಚೂ ಕಡಿಮೆ.

ಯುವನಿಧಿ ತಗೊಂಡರೆ ಆಮೇಲೆ ಕೆಲಸಕ್ಕೆ ತೊಂದರೆ ಆಗತ್ತಾ?

ಇಲ್ಲ. ಅದು ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ. ಡಿಗ್ರಿಯವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಪಾಸಾಗಿ 180 ದಿನ ಕೆಲಸ ಸಿಗದಿದ್ದರೆ ಅರ್ಜಿ ಹಾಕಬಹುದು. ಕೆಲಸ ಸಿಕ್ಕ ಮೇಲೆ ತಿಳಿಸಿ ನಿಲ್ಲಿಸಬೇಕು. ಇಂಟರ್‌ನೆಟ್ ಖರ್ಚು, ಇಂಟರ್‌ವ್ಯೂ ಬಸ್ ಚಾರ್ಜಿಗೆ ಆಗುತ್ತದೆ. ಅದಕ್ಕೆ ಮುಜುಗರ ಯಾಕೆ?

ಸ್ನೇಹಿತನೊಬ್ಬ ಸುಳ್ಳು ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಕೊಡಿಸ್ತೀನಿ ಅಂತಿದ್ದಾನೆ. ಎಲ್ಲರೂ ಮಾಡ್ತಾರಂತೆ.

ಎಲ್ಲರೂ ಮಾಡುವುದಿಲ್ಲ. ಮಾಡಿದವರು ಎರಡು ವರ್ಷ ನಿದ್ದೆ ಕೆಟ್ಟುಕೊಂಡಿರುತ್ತಾರೆ. ಈಗ ಐಟಿ ಕಂಪನಿಗಳು ಸೇರಿಸಿಕೊಂಡ ಮೇಲೆ ಹಿನ್ನೆಲೆ ಪರಿಶೀಲನೆ ಮಾಡಿಸುತ್ತವೆ. ಪಿಎಫ್ ಖಾತೆಯ ಯುಎಎನ್ ನಂಬರಿನಲ್ಲಿ ನೀವು ಎಲ್ಲಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಇದ್ದಿರಿ ಅನ್ನುವುದೆಲ್ಲ ಇರುತ್ತದೆ. ಕಾಗದದಲ್ಲಿ ಎರಡು ವರ್ಷ, ಪಿಎಫ್‌ನಲ್ಲಿ ಸೊನ್ನೆ ಇದ್ದರೆ ಕೇಳುತ್ತಾರೆ. ಸಿಕ್ಕಿಬಿದ್ದವರನ್ನು ಅವತ್ತೇ ಲ್ಯಾಪ್‌ಟಾಪ್ ಇಸ್ಕೊಂಡು ಕಳಿಸುತ್ತಾರೆ.

ಇನ್ನೂ ಒಂದಿದೆ. ಎರಡು ವರ್ಷದವರಿಗೆ ಕೊಡುವ ಕೆಲಸ ಮೊದಲ ವಾರವೇ ನಿಮ್ಮ ಟೇಬಲ್ ಮೇಲೆ ಬಂದು ಕೂರುತ್ತದೆ. ಕೇಳೋಣ ಅಂದರೆ ಯಾರನ್ನು ಕೇಳುತ್ತೀರಿ? ಹೊಸಬನಿಗೆ ದಡ್ಡ ಪ್ರಶ್ನೆ ಕೇಳುವ ಹಕ್ಕಿರುತ್ತದೆ. ಸುಳ್ಳು ಹೇಳಿ ಸೇರಿದವನಿಗೆ ಅದೂ ಇರುವುದಿಲ್ಲ.

ಬ್ಯಾಕ್‌ಡೋರ್‌ನಲ್ಲಿ ಒಂದೂವರೆ ಲಕ್ಷ ಕೊಟ್ಟರೆ ಕೆಲಸ ಅಂತೆ. ಅರ್ಧ ಈಗ, ಅರ್ಧ ಸೇರಿದ ಮೇಲೆ.

ಕೆಲಸ ಕೊಡುವವರು ದುಡ್ಡು ಕೊಡುತ್ತಾರೆ, ಇಸ್ಕೊಳ್ಳುವುದಿಲ್ಲ. ರಿಜಿಸ್ಟ್ರೇಷನ್ ಫೀ, ಲ್ಯಾಪ್‌ಟಾಪ್ ಡೆಪಾಸಿಟ್, ಯೂನಿಫಾರ್ಮ್ ಫೀ, ಹೆಸರು ಏನೇ ಇರಲಿ. ಅಪ್ಪ ಅಡಿಕೆ ಮಾರಿದ ದುಡ್ಡು, ಅಮ್ಮನ ಸಂಘದ ಸಾಲ ಹೀಗೆ ಹೋದದ್ದು ನಾನು ಕಣ್ಣಾರೆ ಕಂಡಿದ್ದೇನೆ. ಟೆಲಿಗ್ರಾಂನಲ್ಲಿ ‘ವಿಡಿಯೋ ಲೈಕ್ ಮಾಡಿ ದುಡಿಯಿರಿ’ ಅನ್ನುವುದೂ ಇದೇ ಗುಂಪಿನದು. ಮೊದಲು 150 ರೂಪಾಯಿ ಹಾಕುತ್ತಾರೆ, ಆಮೇಲೆ ನಿಮ್ಮಿಂದ ಹಾಕಿಸಿಕೊಳ್ಳುತ್ತಾರೆ. ಆನ್‌ಲೈನ್‌ನಲ್ಲಿ ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಳೆ ಮಾಡೋಣ ಅಂದರೆ ದುಡ್ಡು ನಾಲ್ಕು ಖಾತೆ ದಾಟಿರುತ್ತದೆ.

ಇಂಟರ್‌ವ್ಯೂಗೆ ಮುಂಚೆ ಟೆಸ್ಟ್ ಕೆಲಸ ಕೊಡ್ತಾರೆ. ಬಿಟ್ಟಿ ಮಾಡಿಕೊಡಬೇಕಾ?

ಅರ್ಧ ದಿನದಲ್ಲಿ ಮುಗಿಯುವುದಾದರೆ ಮಾಡಿ. ಕೊಟ್ಟಿರುವುದು ಅವರ ನಿಜವಾದ ಗಿರಾಕಿಯ ಕೆಲಸವೇ ಅನಿಸಿದರೆ, ಮೂರು ರೀಲ್, ಐದು ಪೋಸ್ಟರ್ ಅಂತ ಬೆಳೆಯುತ್ತಾ ಹೋದರೆ, ‘ಇದಕ್ಕೆ ಎಷ್ಟು ಕೊಡುತ್ತೀರಿ ಸರ್’ ಅಂತ ನಗುನಗುತ್ತಾ ಕೇಳಿ. ವಾಟರ್‌ಮಾರ್ಕ್ ಹಾಕಿ ಕಳಿಸಿ. ನೆಂಟರು, ಊರಿನ ಗಣಪತಿ ಸಮಿತಿ, ಶಾಲೆ, ಇವರಿಗೆ ಒಂದೊಂದು ಸಲ ಬಿಟ್ಟಿ ಮಾಡಿಕೊಡಿ. ಎರಡನೇ ಸಲ ದುಡ್ಡು ಕೇಳಿ. ಗಣಪತಿ ಸಮಿತಿ ಪೆಂಡಾಲಿನವನಿಗೂ ಡಿಜೆಯವನಿಗೂ ಕೊಡುತ್ತದೆ ತಾನೆ?

ಇಷ್ಟು ವರ್ಷ ಕೆಲಸ ಬಿಡಲ್ಲ ಅಂತ ಬಾಂಡ್ ಬರೆಸಿಕೊಳ್ತಾರೆ. ಸೈನ್ ಹಾಕಲಾ?

ಓದದೆ ಹಾಕಬೇಡಿ. ‘ಕೋರ್ಟಿನಲ್ಲಿ ಬಾಂಡ್ ನಿಲ್ಲಲ್ಲ’ ಅಂತ ಪಿಜಿಯಲ್ಲಿ ಎಲ್ಲರೂ ಧೈರ್ಯ ಹೇಳುತ್ತಾರೆ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕಿನ ಪರವಾಗಿ ತೀರ್ಪು ಕೊಟ್ಟಿತು. ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ಕೊಡಬೇಕು ಅನ್ನುವ ಷರತ್ತು ಅದು. ಅದು ಸರ್ಕಾರಿ ಬ್ಯಾಂಕಿನ ಅಧಿಕಾರಿಯ ವಿಷಯ, ನಿಮ್ಮ ಹತ್ತು ಸಾವಿರದ ಕೆಲಸದ್ದಲ್ಲ. ಆದರೂ ಬಾಂಡ್ ಅಂದರೆ ಬರೀ ಕಾಗದ ಅಂತ ತಿಳಿಯಬೇಡಿ. ಮೊತ್ತ ಎಷ್ಟು, ಎಷ್ಟು ತಿಂಗಳು, ನಿಜವಾಗಿ ಏನಾದರೂ ಕಲಿಸುತ್ತಾರಾ, ಇಷ್ಟು ನೋಡಿ. ಮೂಲ ಅಂಕಪಟ್ಟಿ ಮಾತ್ರ ಯಾರ ಕೈಗೂ ಕೊಟ್ಟು ಬರಬೇಡಿ. ತೋರಿಸಿ, ವಾಪಸ್ ಬ್ಯಾಗಿಗೆ ಹಾಕಿಕೊಳ್ಳಿ.

ಫ್ರೀಲಾನ್ಸ್ ಮಾಡಿದರೆ ಎಷ್ಟು ಕೇಳಬೇಕು?

ಗಂಟೆ ಲೆಕ್ಕ ಹಾಕಿ. ತಿಂಗಳ ಖರ್ಚು, ಲ್ಯಾಪ್‌ಟಾಪ್ ಇಎಂಐ ಸೇರಿಸಿ, ನೀವು ಕೂತು ಕೆಲಸ ಮಾಡುವ ಗಂಟೆಯಿಂದ ಭಾಗಿಸಿ. ಅದಕ್ಕಿಂತ ಕಡಿಮೆಗೆ ಒಪ್ಪಿದರೆ ಮನೆಯವರ ದುಡ್ಡಿನಲ್ಲಿ ಗಿರಾಕಿಗೆ ದಾನ ಮಾಡಿದ ಹಾಗೆ. ಅರ್ಧ ಮುಂಗಡ, ಎರಡು ಸಲ ತಿದ್ದುಪಡಿ, ಮೂರನೆಯದಕ್ಕೆ ಬೇರೆ ದುಡ್ಡು ಅಂತ ವಾಟ್ಸಾಪ್‌ನಲ್ಲಾದರೂ ಬರೆದು ‘ಓಕೆ’ ಹಾಕಿಸಿಕೊಳ್ಳಿ.

ಕಂಪನಿಗಳು ಸಾಮಾನ್ಯವಾಗಿ 10% ಟಿಡಿಎಸ್ (ಮೊದಲೇ ಕಡಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ಉಳಿದದ್ದು ಕೊಡುತ್ತವೆ. ಅದು ಹೋಯಿತು ಅಂತ ಬಿಡಬೇಡಿ, ಆದಾಯ ಕಡಿಮೆ ಇದ್ದರೆ ರಿಟರ್ನ್ಸ್ ಹಾಕಿ ವಾಪಸ್ ತಗೊಳ್ಳಬಹುದು. ನನಗೆ ಇದು ತಿಳಿದದ್ದು ಮೂರು ವರ್ಷ ಕಳೆದ ಮೇಲೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡುವ ‘ಉದ್ಯಮ್’ ನೋಂದಣಿಯನ್ನೂ ಮಾಡಿಸಿ, ಅದು ಉಚಿತ. ದುಡ್ಡು ಇಸ್ಕೊಂಡು ಮಾಡಿಕೊಡುವ ವೆಬ್‌ಸೈಟುಗಳು ಸರ್ಕಾರದ್ದಲ್ಲ. ಸಣ್ಣ ಉದ್ಯಮದವರ ಬಿಲ್ಲನ್ನು ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು ಅಂತ 2006ರ ಕಾಯ್ದೆ ಹೇಳುತ್ತದೆ. ಗಿರಾಕಿಗೆ ಇದನ್ನು ಒಮ್ಮೆ ಮೆಲ್ಲಗೆ ನೆನಪಿಸಿದರೆ ಚೆಕ್ ಬೇಗ ಸೈನ್ ಆಗುವುದುಂಟು.

ಸಿನಿಮಾದಲ್ಲಿ ಕ್ಯಾಮೆರಾಮನ್ ಆಗಬೇಕು. ಗಾಂಧಿನಗರದಲ್ಲಿ ಯಾರೂ ಗೊತ್ತಿಲ್ಲ.

ವಿ.ಕೆ. ಮೂರ್ತಿ ಗೊತ್ತಾ? ಮೈಸೂರಿನವರು. ಹಿಂದಿ ನಿರ್ದೇಶಕ ಗುರುದತ್ ಸಿನಿಮಾಗಳ ಆ ಬೆಳಕು ನೆರಳು ಅವರದ್ದೇ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು 1946ರಲ್ಲಿ ಹೊರಬಂದರು. ಮುಂಬೈಗೆ ಹೋಗಿ ವರ್ಷಗಟ್ಟಲೆ ಸಹಾಯಕರಾಗಿ ದುಡಿದರು. 1951ರಲ್ಲಿ ಗುರುದತ್‌ರ ಒಂದು ಸಿನಿಮಾದಲ್ಲಿ ಇನ್ನೂ ಅಸಿಸ್ಟೆಂಟ್. ಒಂದು ಕಷ್ಟದ ಶಾಟ್ ಹೀಗೆ ತೆಗೆಯಬಹುದು ಅಂತ ಹೇಳಿ, ತಾವೇ ತೆಗೆದು ತೋರಿಸಿದರು. ಮುಂದಿನ ಸಿನಿಮಾದಿಂದ ಅವರೇ ಛಾಯಾಗ್ರಾಹಕ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು, ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು.

ಆ ಒಂದು ಶಾಟ್‌ನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದರ ಹಿಂದಿನ ಐದು ವರ್ಷ ಲೈಟ್ ಹೊತ್ತ ಕಥೆ ಯಾರಿಗೂ ಬೇಡ. ಅವರು ಓದಿದ ಆ ವಿಭಾಗವೇ ಆಮೇಲೆ ಹೆಸರಘಟ್ಟಕ್ಕೆ ಹೋಗಿ ಸರ್ಕಾರಿ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್ ಆಗಿದೆ. ಖಾಸಗಿಗಿಂತ ಶುಲ್ಕ ಎಷ್ಟೋ ಕಡಿಮೆ. ಅಲ್ಲಿ ಸಿಗುವ ದೊಡ್ಡ ಲಾಭ ಜೊತೆಗೆ ಓದುವವರು. ನಾಳೆ ನಿಮ್ಮನ್ನು ಸೆಟ್‌ಗೆ ಕರೆಯುವುದು ಅವರೇ. ಸೀಟು ಸಿಗದಿದ್ದರೆ ಕ್ಯಾಮೆರಾ ಬಾಡಿಗೆ ಕೊಡುವ ಅಂಗಡಿಯಲ್ಲಿ ಸೇರಿಕೊಳ್ಳಿ. ಎಲ್ಲ ಲೆನ್ಸೂ ಕೈಗೆ ಬರುತ್ತದೆ, ಎಲ್ಲ ಕ್ಯಾಮೆರಾಮನ್ನರೂ ಅಲ್ಲಿಗೇ ಬರುತ್ತಾರೆ.

ಎಐ ಬಂದ ಮೇಲೆ ಹೊಸಬರಿಗೆ ಕೆಲಸವೇ ಇಲ್ಲ ಅಂತಾರೆ.

ಸ್ವಲ್ಪ ನಿಜ. ಫೋಟೋ ಹಿನ್ನೆಲೆ ತೆಗೆಯುವುದು, ಸಬ್‌ಟೈಟಲ್‌ನ ಮೊದಲ ಕರಡು ಟೈಪ್ ಮಾಡುವುದು ಇವನ್ನು ನಾನು ಮೊದಲು ಹೊಸಬರಿಗೆ ಕೊಡುತ್ತಿದ್ದೆ. ಈಗ ಕೊಡುವುದಿಲ್ಲ. ಅದರ ಬದಲು ಆ ಕರಡನ್ನು ತಿದ್ದಲು ಕೊಡುತ್ತೇನೆ. ಮಂಡ್ಯದ ರೈತರೊಬ್ಬರು ‘ಒಸಿ ನೀರು ಬುಡಿ’ ಅಂದರೆ ಯಂತ್ರ ಏನೇನೋ ಬರೆಯುತ್ತದೆ. ಹುಬ್ಬಳ್ಳಿ, ಕುಂದಾಪುರದ ಮಾತಂತೂ ಕೇಳಲೇಬೇಡಿ. ನಗು ತಡೆಯಲು ಆಗದ ಸಾಲುಗಳು ಬರುತ್ತವೆ. ಅವನ್ನು ಹಿಡಿಯುವ ಕಿವಿ ಬೇಕು.

ಕೋಡಿಂಗ್‌ನಲ್ಲಿ ಎಐ ಬಳಸಿ, ನಾನೇನೂ ಬೇಡ ಅನ್ನುವುದಿಲ್ಲ. ಆದರೆ ಇಂಟರ್‌ವ್ಯೂನಲ್ಲಿ ‘ಈ ಸಾಲು ತೆಗೆದರೆ ಏನಾಗುತ್ತದೆ’ ಅಂತ ಕೇಳುತ್ತೇವೆ. ಉತ್ತರ ಬರದಿದ್ದರೆ ಆ ಪ್ರಾಜೆಕ್ಟ್ ನಿಮ್ಮದಲ್ಲ.

ಎಷ್ಟು ದಿನ ಕಾಯಬೇಕು? ಮನೆಯಲ್ಲಿ ದಿನಾ ಕೇಳ್ತಾರೆ.

ಮನೆಯವರಿಗೆ ಕಾಣುವುದು ನೀವು ಲ್ಯಾಪ್‌ಟಾಪ್ ಮುಂದೆ ಕೂತಿರುವುದು ಮಾತ್ರ. ಕೆಲಸ ಮಾಡುತ್ತಿದ್ದೀರೋ, ಸಿನಿಮಾ ನೋಡುತ್ತಿದ್ದೀರೋ ಅವರಿಗೆ ಹೇಗೆ ಗೊತ್ತಾಗಬೇಕು? ಆರು ತಿಂಗಳು ಅಂತ ಮಾತು ಕೊಡಿ. ಪ್ರತಿ ತಿಂಗಳ ಕೊನೆಗೆ ಅಪ್ಪನನ್ನು ಕೂರಿಸಿಕೊಂಡು ಮುಗಿಸಿದ ಒಂದು ಕೆಲಸ ತೋರಿಸಿ. ನಮ್ಮಪ್ಪ ನನ್ನ ಮೊದಲ ಮದುವೆ ವಿಡಿಯೋ ನೋಡಿ, ‘ಊಟದ ಹಾಲ್ ಇಷ್ಟು ಹೊತ್ತು ಯಾಕೆ ತೋರಿಸ್ತೀಯ’ ಅಂದಿದ್ದರು. ಸರಿಯಾಗೇ ಹೇಳಿದ್ದರು. ಇವತ್ತಿಗೂ ಊಟದ ಹಾಲ್ ಇಪ್ಪತ್ತು ಸೆಕೆಂಡ್ ದಾಟುವುದಿಲ್ಲ.

ಆರು ತಿಂಗಳಾದರೂ ಏನೂ ಆಗದಿದ್ದರೆ ಸಿಕ್ಕ ಬೇರೆ ಕೆಲಸಕ್ಕೆ ಸೇರಿ, ರಾತ್ರಿ ಇದನ್ನು ಮುಂದುವರಿಸಿ. ನಮ್ಮ ಈಗಿನ ಸೌಂಡ್ ಹುಡುಗ ಎರಡು ವರ್ಷ ಮೆಡಿಕಲ್ ಶಾಪ್‌ನಲ್ಲಿದ್ದ. ಫೈಲುಗಳಿಗೆ ಅವನಷ್ಟು ನೀಟಾಗಿ ಹೆಸರಿಡುವವರು ನಮ್ಮಲ್ಲಿ ಬೇರೆ ಯಾರೂ ಇಲ್ಲ.

ನಿಮಗೇ ರೆಸ್ಯೂಮ್ ಕಳಿಸಬಹುದಾ?

ರೆಸ್ಯೂಮ್ ಬೇಡ, ಒಂದು ಲಿಂಕ್ ಕಳಿಸಿ. ಕಳಿಸುವ ಮುಂಚೆ ನಿಮ್ಮ ಅಕ್ಕನ ಫೋನಿನಲ್ಲಿ ಒಮ್ಮೆ ತೆರೆದು ನೋಡಿ. ನನಗೆ ಬರುವ ಹತ್ತು ಡ್ರೈವ್ ಲಿಂಕ್‌ಗಳಲ್ಲಿ ನಾಲ್ಕಾದರೂ ‘ಪರ್ಮಿಷನ್ ಕೇಳಿ’ ಅಂತಲೇ ಹೇಳುತ್ತವೆ.